ಮೆರವಣಿಗೆಗೆ ಬಂದ ಪುನುಗು ಬೆಕ್ಕು

ಇದು ನಡೆದದ್ದು ಹೋದ ವರ್ಷದ ಮದುವೆ ಸೀಸನ್ನಿನಲ್ಲಿ. ಕುಣಿಗಲ್ ಕೆರೆಯ ಹತ್ತಿರ ನಮ್ಮದೊಂದು ಹೆಂಚಿನ ಮನೆ, ಅದಕ್ಕೆ ಅಂಟಿಕೊಂಡಂತೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ನಮ್ಮ ಮನೆಯವರು ಮದುವೆ ಮೆರವಣಿಗೆಗೆಂದು ಸಾಕಿದ ಬಿಳಿ ಕುದುರೆ ಚಾಂದನಿ, ಮೂಲೆಯಲ್ಲಿ ನನ್ನ ಕೋಳಿಗಳು. ಮೇಲೆ ಅಟ್ಟದಲ್ಲಿ ಯಾರೂ ಕರೆಯದೆ ಬಂದು ಸೇರಿಕೊಂಡಿದ್ದ ಒಂದು ಪುನುಗು ಬೆಕ್ಕು. ಮುಂಗುಸಿಯಂಥ ಮೂತಿ, ಮಾರುದ್ದದ ಬಾಲ. ಹಗಲೆಲ್ಲ ನಿದ್ದೆ. ಕತ್ತಲಾಯಿತೋ, ಅಟ್ಟದಿಂದ ಸೀದಾ ಚಾಂದನಿಯ ಬೆನ್ನ ಮೇಲೆ ಇಳಿದು, ಅಲ್ಲಿಂದ ನೆಲಕ್ಕೆ ಹಾರಿ ತನ್ನ ವ್ಯಾಪಾರಕ್ಕೆ ಹೊರಡುತ್ತಿತ್ತು. ಚಾಂದನಿ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ನನಗೂ ಆ ಬೆಕ್ಕಿಗೂ ಎಣ್ಣೆ ಸೀಗೇಕಾಯಿ. ಮೊಟ್ಟೆ ಕದಿಯುತ್ತಿತ್ತು, ಕಣ್ಣು ತಪ್ಪಿಸಿ ಕೋಳಿಮರಿ ಎತ್ತಿಕೊಂಡು ಹೋಗುತ್ತಿತ್ತು. ನಮ್ಮ ಮನೆಮಾತು ಉರ್ದು, ಆದರೆ ಜಗಳಕ್ಕೆ ಮಾತ್ರ ನನಗೂ ನಮ್ಮ ಮನೆಯವರಿಗೂ ಕನ್ನಡವೇ ಚೆನ್ನಾಗಿ ಬರುತ್ತದೆ.

"ಅದನ್ನ ಹಿಡ್ದು ದೇವರಾಯನದುರ್ಗದ ಕಾಡಿಗೆ ಬಿಟ್ಟು ಬನ್ನಿ" ಎಂದರೆ, "ಇರ್ಲಿ ಬುಡೇ, ಹುರುಳಿ ಮೂಟೆ ಕೊರೆಯೋ ಇಲಿಗಳನ್ನೆಲ್ಲ ಅದೇ ತಿಂತೈತೆ" ಎನ್ನುತ್ತಿದ್ದರು. ಕುದುರೆಯ ಹುರುಳಿ ಉಳಿಯಬೇಕು, ಹೆಂಡತಿಯ ಮೊಟ್ಟೆ ಹೋದರೆ ಹೋಗಲಿ. ಇದು ಅವರ ನ್ಯಾಯ.

ಆದರೆ ಆ ವರ್ಷ ನನ್ನ ತಲೆನೋವು ಬೆಕ್ಕಲ್ಲ, ಕುದುರೆ. ಅದಕ್ಕೂ ಹಿಂದೆ ಗುಬ್ಬಿಯ ಮದುವೆಯೊಂದರಲ್ಲಿ ಯಾರೋ ಪುಣ್ಯಾತ್ಮರು ಚಾಂದನಿಯ ಕಾಲಬುಡದಲ್ಲೇ ಪಟಾಕಿ ಸರ ಹಚ್ಚಿಬಿಟ್ಟಿದ್ದರು. ಅದು ಹಾರಿದ ಹಾರಾಟಕ್ಕೆ ಮದುಮಗ ಪಕ್ಕದ ಎಳನೀರು ಗಾಡಿಯ ಮೇಲೆ ಹೋಗಿ ಕೂತ. ಪೆಟ್ಟೇನೂ ಆಗಲಿಲ್ಲ, ಆದರೆ ಅದರ ವಿಡಿಯೊ ಊರೂರು ಸುತ್ತಿತು. ಬೆದರೋ ಕುದುರೆ ಎಂಬ ಹೆಸರು ಬಂದ ಮೇಲೆ ಯಾರು ಕರೆಯುತ್ತಾರೆ? ಒಂದು ಬುಕಿಂಗೂ ಇಲ್ಲ, ಮೇವು ಮಾತ್ರ ದಿನಾ ಬೇಕು. ಕೊನೆಗೆ ಕುದುರೆ ಮಾರಿಸಿಕೊಡು ಎಂದು ನಾನೇ ಒಬ್ಬ ಬ್ರೋಕರಿಗೆ ಹೇಳಿಟ್ಟೆ. ಅಷ್ಟರಲ್ಲಿ ನಮ್ಮ ಚಿಕ್ಕಪ್ಪನ ಪರಿಚಯದಿಂದ ತುಮಕೂರಿನ ಒಂದು ಲಿಂಗಾಯತರ ಮನೆಯ ಮದುವೆ ಒಪ್ಪಿಕೊಂಡಾಗಿತ್ತು. "ಇದೊಂದು ಸಲ ನೋಡೋಣ. ಇದೂ ಕೆಟ್ರೆ ನೀನು ಹೇಳ್ದಂಗೇ ಕೊಟ್ಬುಡೋಣ" ಎಂದರು ನಮ್ಮ ಮನೆಯವರು. ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ.

ಮದುಮಗನಿಗೆ ಹಿಡಿಯುವ ಮಖಮಲ್ಲಿನ ದೊಡ್ಡ ಛತ್ರಿ ಅಟ್ಟದಲ್ಲೇ ಇರುತ್ತಿತ್ತು. ನಮ್ಮ ಮಾವನವರ ಕಾಲದಿಂದ ಒಂದು ಪದ್ಧತಿಯಿದೆ: ಮದುಮಗ ಕುದುರೆ ಹತ್ತಿ ಕೂತ ಮೇಲೆಯೇ ಛತ್ರಿ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ಮದುಮಗನಿಗೆ ಒಳ್ಳೆಯದಲ್ಲವಂತೆ. ಹಾಗಾಗಿ ಮಡಿಸಿದ್ದನ್ನು ಮೇಲೆ ಮೇಲೆ ಒರೆಸಿ, ಚಾಂದನಿಯನ್ನು ಹತ್ತಿಸಿದ್ದ ಟೆಂಪೊಗೆ ಹಾಕಿಕೊಂಡೆ. ಹಿಡಿಯುವವರು ಯಾರೂ ಸಿಗದೆ ನಾನೇ ಹೊರಟಿದ್ದೆ. ಯಾಕೋ ಬಹಳ ಭಾರ ಅನ್ನಿಸಿತು. ನನಗೇ ವಯಸ್ಸಾಯಿತು ಅಂದುಕೊಂಡೆ. ದಾರಿಯುದ್ದಕ್ಕೂ ಒಂಥರಾ ಘಾಟು ವಾಸನೆ. "ಇದ್ಯಾವ ಅತ್ತರ್ ಹಾಕ್ಕೊಂಡಿದೀರಿ?" ಎಂದು ಕೇಳಿದೆ. "ನೀನು ಹಾಕ್ಕೊಂಡಿದೀಯ ಅಂತ ನಾನು ಸುಮ್ನಿದ್ದೆ" ಎಂದರು.

ಶಿರಾ ಗೇಟ್ ದಾಟಿ ಕಲ್ಯಾಣಮಂಟಪದ ಬೀದಿ ಮುಟ್ಟಿದಾಗ ಸಂಜೆಯಾಗಿತ್ತು. ಪಟಾಕಿ ಹೊಡೆಯಬಾರದೆಂದು ಮೊದಲೇ ಮಾತಾಗಿತ್ತು. ಪೇಟ ಕಟ್ಟಿದ ಮದುಮಗ ದೇವರಿಗೆ ಕೈಮುಗಿದು ಚಾಂದನಿಯ ಮೇಲೆ ಕೂತ. ಬ್ಯಾಂಡ್ ಶುರುವಾಯಿತು. ನಮ್ಮ ಮನೆಯವರು ಲಗಾಮು ಹಿಡಿದು ನನಗೆ ಕಣ್ಸನ್ನೆ ಮಾಡಿದರು. ನಾನು ಬಿಸ್ಮಿಲ್ಲಾ ಎಂದು ಛತ್ರಿಯನ್ನು ಅವನ ತಲೆಯ ಮೇಲಕ್ಕೆ ಎತ್ತಿ ಬಿಚ್ಚಿದೆ.

ಒಳಗಿನಿಂದ ದೊಪ್ಪೆಂದು ಪುನುಗು ಬೆಕ್ಕು ಬಿತ್ತು. ಸೀದಾ ಪೇಟದ ಮೇಲೆ, ಅಲ್ಲಿಂದ ಮದುಮಗನ ತೊಡೆಗೆ!

"ಅಯ್ಯಯ್ಯೋ, ಚಿರತೆ ಮರಿ ಕಣ್ರೋ!" ಎಂದು ಯಾರೋ ಕೂಗಿದರು. ತಾಳದವನು ತಾಳವನ್ನು ಜಣಜಣ ಎನ್ನಿಸುತ್ತ ರಸ್ತೆಗೆಸೆದು ಓಡಿದ. ಡ್ರಮ್ಮು ಉರುಳಿಕೊಂಡು ಚರಂಡಿ ಸೇರಿತು. ಹೆಂಗಸರು ಕಿರುಚಿದರು. ಮದುಮಗ ಬಾಯಿ ತೆರೆದುಕೊಂಡೇ ಕಲ್ಲಾಗಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಈಗ ಚಾಂದನಿ ಹಾರುತ್ತದೆ, ಮದುಮಗ ಬೀಳುತ್ತಾನೆ, ಎಲ್ಲ ಮುಗಿಯಿತು ಅಂದುಕೊಂಡೆ.

ಬಿದ್ದ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಚಾಂದನಿ ನೆಟ್ಟ ಕಂಬದ ಹಾಗೆ ನಿಂತಿದೆ. ಕುತ್ತಿಗೆ ಹಿಂದಕ್ಕೆ ಹೊರಳಿಸಿ ಬೆಕ್ಕನ್ನು ಒಮ್ಮೆ ಮೂಸಿತು, ಓ ನೀನಾ ಎನ್ನುವಂತೆ. ಆಮೇಲೆ ಮುಂದಕ್ಕೆ ತಿರುಗಿ ಸುಮ್ಮನಾಯಿತು.

ಇಬ್ಬರು ಕೋಲು ಎತ್ತಿಕೊಂಡು ಬಂದರು. ಅಷ್ಟರಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ್ದ ಮದುಮಗನ ಅಜ್ಜಿ ಅಡ್ಡ ಬಂದು ನಿಂತರು. "ಯಾರಾನ ಮುಟ್ಟೀರಿ, ಜ್ವಾಕೆ! ಇದ್ರ ಪುನುಗಿನ ಪರಿಮಳ ಅಂದ್ರೆ ದೇವ್ರಿಗೆ ಏರ್ಸೋದು. ದುಡ್ಡು ಕೊಟ್ರೂ ಸಿಗಾಕಿಲ್ಲ. ಅದು ತಾನಾಗೇ ಬಂದು ನನ್ ಮೊಮ್ಮಗನ ಮಡ್ಲಲ್ಲಿ ಕೂತೈತೆ!" ಎಂದು ಕೈಮುಗಿದರು.

"ಅಜ್ಜಿ, ಉಗುರು ಚುಚ್ತೈತೆ" ಎಂದ ಮದುಮಗ, ಅಳು ಬರುವ ದನಿಯಲ್ಲಿ.

"ತಡ್ಕಳ್ಲಾ, ಒಳ್ಳೇದಾಯ್ತದೆ!"

ಅಜ್ಜಿಯ ಮಾತು ಮುಗಿಯುವಷ್ಟರಲ್ಲಿ ಬೆಕ್ಕು ಚಾಂದನಿಯ ಬೆನ್ನ ಮೇಲೆ ನಡೆದು ಹೋಗಿ, ಹಿಂದಿದ್ದ ಬೇವಿನ ಮರಕ್ಕೆ ಹಾರಿ ಎಲೆಯೊಳಗೆ ಮಾಯವಾಯಿತು. ಚರಂಡಿಯಿಂದ ಡ್ರಮ್ಮು ತಂದರು, ಮೆರವಣಿಗೆ ಹೊರಟಿತು. ಚಾಂದನಿ ಗಾಂಭೀರ್ಯದಿಂದ ನಡೆಯಿತು. ಮುಗಿದ ಮೇಲೆ ಮರದ ಕೆಳಗೆ ಹೋಗಿ ನಾವಿಬ್ಬರೂ ಎಷ್ಟು ಕರೆದರೂ ಬೆಕ್ಕು ಬರಲಿಲ್ಲ. ಅಷ್ಟು ಬೈಯುತ್ತಿದ್ದ ನಾನೇ ಮರದ ಬುಡದಲ್ಲಿ ಒಂದು ಬಾಳೆಹಣ್ಣು ಇಟ್ಟು ಬಂದೆ.

ವಾಪಸ್ ಬರುವಾಗ ನಮ್ಮ ಮನೆಯವರು, "ಗುಬ್ಬೀಲಿ ಕಾಲಿಗೇ ಬೆಂಕಿ ಇಟ್ಟಿದ್ರು ಕಣೇ. ನೀನಾಗಿದ್ರೆ ನಿಂತಿರ್ತಿದ್ಯಾ?" ಎಂದರು. ಅಷ್ಟರಲ್ಲಿ ಬ್ರೋಕರನ ಫೋನು ಬಂತು, ನಾಳೆ ಗಾಡಿ ತರಲಾ ಎಂದು.

"ಬೇಡ ಕಣಪ್ಪ, ಕುದುರೆ ಕೊಡಲ್ಲ" ಎಂದೆ.

"ಯಾಕಮ್ಮ, ಬೆದರೋ ಕುದುರೆ ಅಂತ ನೀವೇ ಅಂದಿದ್ರಲ್ಲ?"

"ಬೆದರೋರು ನಾವು. ಅದಲ್ಲ" ಎಂದು ಫೋನಿಟ್ಟೆ.

ಬೆಕ್ಕು ಬಿದ್ದದ್ದನ್ನು ಯಾರೋ ತೆಗೆದ ವಿಡಿಯೊ ಕೂಡ ಊರೂರು ಸುತ್ತಿತು. ಈಗ ಬುಕಿಂಗಿಗೆ ಬಂದವರು ಬೆಕ್ಕೂ ಬರುತ್ತಾ ಎಂದು ಕೇಳುತ್ತಾರೆ. ಆ ಸಂಜೆಯನ್ನು ನೆನೆದಾಗಲೆಲ್ಲ ಬಿದ್ದು ಬಿದ್ದು ನಗುತ್ತೇನೆ. ನಕ್ಕು ಮುಗಿದ ಮೇಲೆ ಕೊಟ್ಟಿಗೆಗೆ ಹೋಗಿ ಅದರ ಕುತ್ತಿಗೆ ಸವರುತ್ತೇನೆ. ಯಾರೋ ಮಾಡಿದ ತಪ್ಪಿಗೆ ಚಾಂದನಿಯನ್ನು ಯಾರದೋ ಕೈಗೆ ಕೊಟ್ಟುಬಿಡುತ್ತಿದ್ದೆನಲ್ಲ!