ಗಾಯ ಕಟ್ಟುವ ಮಲಕಪ್ಪ ಕಾಕಾ

ಮಲಕಪ್ಪ ಕಾಕಾ ರೋಗಿಯ ಬೆನ್ನ ಹಿಂದಿನಿಂದ ಎಂದೂ ಬರುತ್ತಿರಲಿಲ್ಲ. ಔಷಧದ ಮೇಜು ಮಂಚದ ಹಿಂದೆಯೇ ಇದ್ದರೂ ಸುತ್ತು ಹಾಕಿ ಎದುರಿಗೆ ಬಂದು, "ನಾ ಮಲಕಪ್ಪ ಬಂದೀನ್ರಿ, ಪಟ್ಟಿ ಕಟ್ಟಾಂವ. ಈಗ ಕೈ ಮುಟ್ಟತೀನಿ" ಎಂದು ಹೇಳಿ, ಅವರು ತಲೆಯಾಡಿಸಿದ ಮೇಲೆಯೇ ಕೈ ಹಾಕುತ್ತಿದ್ದರು. ತಿಂಗಳುಗಟ್ಟಲೆ ಅದೇ ಮಂಚದಲ್ಲಿ ಮಲಗಿದವರಿಗೂ ದಿನಾ ಇದೇ ಪಾಠ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸೊಲ್ಲಾಪುರದ ಒಂದು ದೊಡ್ಡ ದವಾಖಾನೆಯಲ್ಲಿ ನಾನು ಹೊಸ ಡಾಕ್ಟರು. ನಮ್ಮದು ಚಾದರದ ವ್ಯಾಪಾರದ ಮನೆ. ಮನೆತನಕ್ಕೇ ಮೊದಲ ಡಾಕ್ಟರು ಎಂದು ತಲೆಗೆ ಕೋಡು ಮೂಡಿತ್ತು. ಕಾಕಾ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್, ಅಕ್ಕಲಕೋಟೆಯಿಂದ ದಿನಾ ಬೆಳಗಿನ ಎಸ್.ಟಿ. ಬಸ್ಸು ಹಿಡಿದು ಬರುವವರು. "ದಿನಾ ಹೆಸರ ಹೇಳಾಕ ಇದೇನು ಬೀಗರ ಮನಿ ಏನ್ರಿ ಕಾಕಾ?" ಎಂದು ಛೇಡಿಸುತ್ತಿದ್ದೆ.

"ನಮಗ ಇದು ದಿನದ ಕೆಲಸರಿ ಸಾಹೇಬ್ರ. ಅವರಿಗೆ ದಿನಾ ಹೊಸಾ ಅಂಜಿಕಿ" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು.

ವಳಸಂಗದ ಶಿವಲಿಂಗ ಬಂದದ್ದು ಆಗಲೇ. ಬಟ್ಟೆ ಮಿಲ್ಲಿನಲ್ಲಿ ಉಗಿಯ ಪೈಪು ಒಡೆದು ಅವನ ಬಲಗೈ ಭುಜದವರೆಗೆ ಬೆಂದಿತ್ತು. ಪಕ್ಕದಲ್ಲಿದ್ದ ಜೊತೆಗಾರ ಅಲ್ಲೇ ಸತ್ತಿದ್ದ. ಪಾಳಿ ಬದಲಾಗುವ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗಿದರೆ ಸಾಕು, ಶಿವಲಿಂಗ ಮಂಚದ ಕೆಳಗೆ ನುಗ್ಗಿ ಮುದುಡಿ ಕೂಡುತ್ತಿದ್ದ. ಯಾರಿಗೂ ಗಾಯ ಮುಟ್ಟಗೊಡುತ್ತಿರಲಿಲ್ಲ. ಕೀವು ತುಂಬಿತು. ವಾರದಲ್ಲಿ ತಹಬಂದಿಗೆ ಬರದಿದ್ದರೆ ಕೈ ತೆಗೆಯಬೇಕು ಎಂದರು ದೊಡ್ಡ ಡಾಕ್ಟರು.

ನಾನು ನನ್ನ ಜಾಣತನ ತೋರಿಸಿದೆ. ನಾಲ್ಕಾರು ಮೆಡಿಕಲ್ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು, "ಅವತ್ತ ಏನಾತು, ಎಲ್ಲಾ ಹೇಳು. ಹೇಳಿದ್ರ ಹಗರ ಆಗತದ" ಎಂದು ಒತ್ತಾಯ ಮಾಡಿದೆ. ಬಾಯಿ ತೆರೆದ ಶಿವಲಿಂಗ ಧೋತರದಲ್ಲೇ ಉಚ್ಚೆ ಹೊಯ್ದುಕೊಂಡ. ಮರುದಿನ ಇಬ್ಬರಿಂದ ಹಿಡಿಸಿ ಪಟ್ಟಿ ಕಟ್ಟಿಸಹೋದೆ; ಒದ್ದಾಟದಲ್ಲಿ ಉಳಿದಿದ್ದ ತೊಗಲೂ ಕಿತ್ತು ಬಂತು. ಆಮೇಲೆ ಅವನು ಊಟ ಬಿಟ್ಟ, ಮಾತೂ ಬಿಟ್ಟ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಕಾಕಾ ನನ್ನನ್ನು ಬೈಯಲಿಲ್ಲ. "ಅವನ್ನ ನನಗ ಬಿಡ್ರಿ. ಭೋಂಗಾ ಆಗೂ ಹೊತ್ತಿನಾಗ ನನ್ನ ಬ್ಯಾರೆ ಕಡಿ ಕಳಸಬ್ಯಾಡ್ರಿ, ಅಷ್ಟ" ಎಂದರು.

ಬಾಗಿಲು ಕಾಣುವಂತೆ ಅವನ ಮಂಚ ತಿರುಗಿಸಿದರು. ಭೋಂಗಾಕ್ಕೆ ಮುಂಚೆಯೇ ಹೋಗಿ ಎದುರು ಕೂತು, "ಶಿವಲಿಂಗಾ, ಈಗ ಭೋಂಗಾ ಆಗತದ. ಅದು ಅಲ್ಲೆ ಮಿಲ್ಲಿನಾಗ. ನೀ ಇಲ್ಲೆ ದವಾಖಾನ್ಯಾಗ ಇದ್ದಿ. ಈ ಗ್ವಾಡಿ ನೋಡು. ನನ್ನ ಮಾರಿ ನೋಡು" ಎನ್ನುತ್ತಿದ್ದರು. ಕೂಗು ನಿಂತ ಮೇಲೂ ಸ್ವಲ್ಪ ಹೊತ್ತು ಏಳುತ್ತಿರಲಿಲ್ಲ. ಪಟ್ಟಿ ಬಿಚ್ಚುವಾಗ ಅದರ ತುದಿಯನ್ನು ಅವನ ಎಡಗೈಗೇ ಕೊಟ್ಟು, "ನೀನ ಬಿಚ್ಚು. ಸಾಕು ಅಂದ್ರ ಸಾಕು" ಎಂದರು. ಅವನು ಸಾಕು ಎಂದಾಗ ನಿಜವಾಗಿಯೂ ಕೈ ತೆಗೆದರು. ಮೊದಲ ದಿನ ಎರಡು ಸುತ್ತು ಬಿಚ್ಚಲು ಒಂದು ತಾಸು ಹಿಡಿಯಿತು, ನರ್ಸಬಾಯಿ ಗೊಣಗಿದರು. ಐದನೆಯ ದಿನ ಶಿವಲಿಂಗ ಪೂರ್ತಿ ಗಾಯ ತೊಳೆಸಿಕೊಂಡ. ಕೈ ಉಳಿಯಿತು.

ಒಂದು ಮಧ್ಯಾಹ್ನ ಅವನು ತಾನಾಗಿಯೇ ಕಾಕಾನ ಮುಂದೆ ಎಲ್ಲವನ್ನೂ ಹೇಳಿದ. ಕಾಕಾ ಕೆಲಸ ನಿಲ್ಲಿಸಿ, ಸ್ಟೂಲಿನ ಮೇಲೆ ಕೂತು ಕೇಳುವುದನ್ನು ದೂರದಿಂದ ನೋಡಿದೆ. ಹೇಗೆ ಬಾಯಿ ಬಿಡಿಸಿದಿರಿ ಎಂದು ಆಮೇಲೆ ಕೇಳಿದೆ.

"ನಾ ಎಲ್ಲಿ ಬಿಡಸೀನ್ರಿ? ಕೇಳೂದು ನಮ್ಮ ಗರಜು, ಹೇಳೂದು ಅವರ ಗರಜು. ಅವರ ಗರಜು ಬರೂತನಾ ಕುಂದ್ರಬೇಕ್ರಿ."

ಹೀಗೆ ಎಷ್ಟು ಜನರದು ಕೇಳಿದ್ದರೋ! ಬೆಂಕಿಯಲ್ಲಿ ಕೂಸು ಕಳಕೊಂಡವಳದು, ಲಾರಿ ಅಪಘಾತದಲ್ಲಿ ತಾನೊಬ್ಬನೇ ಉಳಿದವನದು. ಕಾಕಾನ ಹೆಂಡತಿ ಎಳೆ ವಯಸ್ಸಿನಲ್ಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಕ್ಕಲಕೋಟೆಯಲ್ಲಿ ಬಾಡಿಗೆಯ ಒಂದೇ ಖೋಲಿ. ದವಾಖಾನೆಯಲ್ಲೂ ಬೇವಿನ ಗಿಡದ ಕೆಳಗೆ ಒಬ್ಬರೇ ಬುತ್ತಿ ಬಿಚ್ಚುತ್ತಿದ್ದರು. ಅವರ ನಿಧಾನ ಯಾರಿಗೂ ಸೇರುತ್ತಿರಲಿಲ್ಲ. "ಇಷ್ಟೆಲ್ಲಾ ಕೇಳಿ ನೀವು ಯಾರಿಗೆ ಹೇಳತೀರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ.

"ಯಾರಿಗೆ ಹೇಳಲ್ರಿ? ಬಸ್ಸಿನ ಖಿಡಕ್ಯಾಗ ಗಾಳಿಗೆ ಮಾರಿ ಕೊಟ್ಟ ಕುಂದರತೀನಿ. ಊರು ಬರೂದ್ರಾಗ ಅರ್ಧಾ ಕಮ್ಮಿ ಆಗತದ."

ಉಳಿದ ಅರ್ಧ ಏನಾಗುತ್ತದೆಂದು ನಾನು ಕೇಳಲಿಲ್ಲ.

ಅವರು ನಿವೃತ್ತರಾದ ಮೇಲೆ, ದಶಕದ ಕೊನೆಯಲ್ಲಿ, ಯಾವುದೋ ಕೆಲಸಕ್ಕೆ ಅಕ್ಕಲಕೋಟೆಗೆ ಹೋದವನು ಅವರ ಖೋಲಿ ಹುಡುಕಿಕೊಂಡು ಹೋದೆ. ಕಾಕಾ ಕಡ್ಡಿಯಾಗಿದ್ದರು. ನನ್ನನ್ನು ಕಂಡು ಅವರಿಗಾದ ಸಂತೋಷ ನೋಡಿ ನನಗೇ ಕಸಿವಿಸಿಯಾಯಿತು. ಚಹಾ ಕಾಸಿ ಕೊಟ್ಟು, ಚುರಮುರಿಯ ತಟ್ಟೆ ಮುಂದಿಟ್ಟರು. ತಮಗೂ ಈಗ ಎರಡು ಹೊತ್ತೂ ಅದೇ ಎಂದರು.

"ರೊಟ್ಟಿ ಯಾಕ ಬಿಟ್ಟೀರಿ?"

"ಬಾಜೂ ಮನ್ಯಾಗ ರೊಟ್ಟಿ ಸುಡೂ ವಾಸನಿ ಬಂದ್ರ ಎದ್ದು ಹೊರಗ ಹೋಗತೀನ್ರಿ. ರೊಟ್ಟಿ ಅನಸೂದಿಲ್ಲ ಅದು, ಬೆಂದ ಮಂದಿ ಅನಸ್ತದ." ನನ್ನ ಹತ್ತಿರಕ್ಕೆ ಸರಿದು ಕೂತು, "ಸಾಹೇಬ್ರ, ಒಂದು ಮಾತ ಹೇಳಬೇಕಾಗಿತ್ತು. ಯಾರ ಮುಂದೂ ಹೇಳಿಲ್ಲ" ಎಂದರು.

ನಾನು ಗಡಿಯಾರ ನೋಡಿಕೊಂಡೆ. "ವಯಸ್ಸಾತ್ರಿ ಕಾಕಾ. ಹಳೇದೆಲ್ಲಾ ಮರತ ಬಿಡ್ರಿ, ಆರಾಮ ಇರ್ರಿ. ನನ್ನ ಬಸ್ಸಿನ ಹೊತ್ತಾತು" ಎಂದು ಎದ್ದೆ.

"ಹೌದ್ರಿ, ಹೌದು" ಎಂದರು. ಬೇಡವೆಂದರೂ ಸ್ಟ್ಯಾಂಡಿನವರೆಗೆ ಬಂದರು. ದಾರಿಯುದ್ದಕ್ಕೂ ನನ್ನ ಮಕ್ಕಳನ್ನು ವಿಚಾರಿಸಿದರು, ತಮ್ಮದೇನೂ ಮಾತಾಡಲಿಲ್ಲ.

ಎರಡು ತಿಂಗಳ ಮೇಲೆ ಅವರು ಹೋದ ಸುದ್ದಿ ಬಂತು. ಹೋಗುವಾಗ ಹತ್ತಿರ ಯಾರೂ ಇರಲಿಲ್ಲವಂತೆ. ಆ ಮಾತು ಏನಿತ್ತೆಂದು ನನಗೆ ಇನ್ನು ತಿಳಿಯುವುದಿಲ್ಲ. ಅಂದು ಅಕ್ಕಲಕೋಟೆಯಲ್ಲಿ ನಾನು ಹತ್ತಿದ ಬಸ್ಸಿನ ಹಿಂದೆಯೇ ಸೊಲ್ಲಾಪುರಕ್ಕೇ ಹೋಗುವ ಇನ್ನೊಂದು ಬಸ್ಸು ನಿಂತಿತ್ತು, ಖಾಲಿಯಾಗಿ.