ಕಂಚಿನ ಮನುಷ್ಯನ ಬಾಯಿ

ನಮ್ಮ ಅತ್ತೆಯ ಗಂಡನನ್ನು ಎರಕದ ಕಾರ್ಖಾನೆಯಲ್ಲಿ ಎಲ್ಲರೂ ಅರದ ಮೇಸ್ತ್ರಿ ಎನ್ನುತ್ತಿದ್ದರು. ಅಚ್ಚು ಒಡೆದು ಹೊರತೆಗೆದ ಕಂಚಿನ ಪ್ರತಿಮೆಯ ಮೈಮೇಲೆ ಗೆರೆ, ಗುಳ್ಳೆ, ತೂತು ಎಲ್ಲ ಇರುತ್ತವೆ. ತೂತಿಗೆ ಬೆಸುಗೆ ಹಾಕಿ, ಗೆರೆಯನ್ನು ಅರದಿಂದ ಉಜ್ಜಿ, ಅಲ್ಲಿ ಏನೂ ಆಗಿಯೇ ಇರಲಿಲ್ಲ ಎನ್ನುವಂತೆ ಮಾಡುವುದು ಮಾವನ ಕೆಲಸ. ಮನೆಯಲ್ಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಚಮಚದ ಅಂಚು, ಬಾಗಿಲ ಚಿಲಕ, ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜುತ್ತಿದ್ದರು. "ಸ್ವಲ್ಪ ಮೈಮರೆತು ಮಲಗಿದ್ರೆ ನನ್ನ ಮೂಗನ್ನೂ ಉಜ್ಜಿ ಸಪಾಟು ಮಾಡ್ಬಿಡ್ತಾರೆ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಮಾವ ನಗುತ್ತಿರಲಿಲ್ಲ. ಅವರಿಗೆ ಸದಾ ಸುಸ್ತು. ಕೆಲಸದಿಂದ ಬಂದವರು ಚಪ್ಪಲಿ ಬಿಡುವುದಕ್ಕೂ ಒಂದು ಗಳಿಗೆ ಗೋಡೆಗೆ ಒರಗಿ ನಿಲ್ಲಬೇಕಿತ್ತು.

ಅದೇ ಕಾರ್ಖಾನೆಯ ಗೇಟಿನಲ್ಲಿ ನಮ್ಮಪ್ಪ ಕಾವಲಿಗೆ ಕೂರುತ್ತಿದ್ದ. ಅಪ್ಪ ಅತ್ತೆಯ ತಮ್ಮ. ನಾನು ಹುಟ್ಟುವುದಕ್ಕೆ ಹಿಂದಿನ ವರ್ಷದವರೆಗೆ ಅವನು ಕುಲುಮೆಯ ಆಳು, ಕರಗಿದ ಕಂಚನ್ನು ಅಚ್ಚಿಗೆ ಸುರಿಯುವವನು. ಒಂದು ದಿನ ಸುರಿಯುವಾಗ ಲೋಹ ಸಿಡಿಯಿತು. ಎಡಗಾಲು ಮೊಣಕಾಲಿನ ತನಕ ಬೆಂದುಹೋಯಿತು. ಕೈ ನಡುಗಿತು, ಒಂದೇ ಸಲಕ್ಕೆ ಜಾಸ್ತಿ ಸುರಿದ, ಅದಕ್ಕೇ ಸಿಡಿಯಿತು ಎಂದು ಧಣಿ ತೀರ್ಮಾನಿಸಿದ. ಅಪ್ಪನೂ ಅದನ್ನೇ ನಂಬಿ ಹೌದೆಂದ. ವಾಸಿಯಾದ ಮೇಲೆ ಧಣಿ ಎರಡು ಸಲ ಕರೆದರೂ ಕುಲುಮೆಯ ಹತ್ತಿರ ಹೋಗಲಿಲ್ಲ, ಗೇಟೇ ಸಾಕು ಎಂದ.

ನಿಜ ಸಂಗತಿ ಬೇರೆ. ನನಗೆ ಅದು ಗೊತ್ತಾದದ್ದು ಎಷ್ಟೋ ತಡವಾಗಿ. ಆದರೂ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಡುವ ಕೆಲಸ ನಮ್ಮ ಮನೆಯಲ್ಲಿ ಈಗಾಗಲೇ ಬೇಕಾದಷ್ಟು ಆಗಿದೆ.

ಆಗ ಅಚ್ಚು ಒಣಗಿಸುವ ಜವಾಬ್ದಾರಿ ಮಾವನದು. ಅಚ್ಚಿನೊಳಗೆ ಒಂದು ಹನಿ ತೇವ ಉಳಿದರೂ ಬಿಸಿ ಲೋಹ ತಾಗಿ ಹಬೆಯಾಗಿ ಸಿಡಿಯುತ್ತದೆ. ಅದನ್ನು ಪರೀಕ್ಷಿಸಲು ಅಚ್ಚಿನ ಬಾಯಿಗೆ ಒಂದು ತಣ್ಣನೆಯ ಗಾಜಿನ ಚೂರು ಹಿಡಿಯುತ್ತಾರೆ. ಗಾಜು ಮಸುಕಾದರೆ ಇನ್ನೂ ಹಸಿ. ಆ ದಿನ ಗಾಜು ಸ್ಟೋರಿನಲ್ಲಿತ್ತು. ಸ್ಟೋರು ಅಂಗಳದ ಆಚೆ ತುದಿಗೆ. ಎರಡು ದಿನದಿಂದ ಅಚ್ಚು ಒಣಗಿಸುವ ಬೆಂಕಿಗೂಡಿನ ಮುಂದೆ ನಿಂತಿದ್ದ ಮಾವನಿಗೆ ಅಷ್ಟು ದೂರ ನಡೆಯಲು ಕಾಲು ಬರಲಿಲ್ಲ. "ಒಣಗಿದೆ, ಸುರಿ" ಎಂದರು. ಅಷ್ಟೇ ನಡೆದದ್ದು.

ಮೊದಲ ವಾರ ಕೆಲಸ ಹೋದೀತು ಎಂದು ಮಾವ ಬಾಯಿ ಬಿಡಲಿಲ್ಲ. ಆಮೇಲೆ, ತಮ್ಮನ ಕಾಲು ಸುಟ್ಟವನ ಜೊತೆ ಹೆಂಡತಿ ಬಾಳಿಯಾಳೇ ಎಂಬ ಭಯ. ಆಮೇಲಾಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಭಯ. ಅಚ್ಚಿನ ಕೆಲಸ ಬಿಟ್ಟು ಅರ ಹಿಡಿದರು. ನಮ್ಮ ಮನೆಯ ನಲ್ಲಿ ಸೋರಿದರೆ ಮಾವ, ಅಮ್ಮನಿಗೆ ಜ್ವರ ಬಂದರೆ ಮಾವ. ಎಂಥ ಒಳ್ಳೆಯ ಮನುಷ್ಯ ಎಂದು ನಾವೆಲ್ಲ ಹೊಗಳುತ್ತಿದ್ದೆವು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನನಗೆ ಹತ್ತೊಂಬತ್ತು ತುಂಬಿದ ವರ್ಷ ನಾನೂ ಆ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ಆಗಲೇ ಆ ಪ್ರತಿಮೆ ಎರಕಕ್ಕೆ ಬಂದದ್ದು. ನ್ಯಾಯಾಲಯದ ಅಂಗಳದಲ್ಲಿ ಇಡಲು ಮಾಡಿಸಿದ್ದು. ಸ್ಟೂಲಿನ ತುದಿಯಲ್ಲಿ ಕೂತ ಒಬ್ಬ ಗಂಡಸು, ಒಂದು ಕೈ ಎದೆಯ ಮೇಲೆ, ಬೆನ್ನು ಬಾಗಿದೆ. ಅದಕ್ಕೆ ಶಿಲ್ಪಿ ಇಟ್ಟ ಹೆಸರು ಅಂತಃಸಾಕ್ಷಿ. ಶಿಲ್ಪಿ ಐವತ್ತು ದಾಟಿದ ಹೆಂಗಸು, ಗಂಟಲು ಗೊಗ್ಗರು, ಮಾತು ಕಡ್ಡಿ ಮುರಿದಂತೆ. ಕಾರ್ಖಾನೆಯವರಿಗೆ ತಮಾಷೆಗೆ ಒಂದು ವಸ್ತು ಸಿಕ್ಕಿತು. "ಹೊಟ್ಟೆನೋವು ಬಂದೋನ ಹಾಗೆ ಕೂತಿದಾನಲ್ಲಪ್ಪ" ಎಂದು ಹೋಗುವವರು ಬರುವವರು ಅಂದರು. ಮಾವ ಮಾತ್ರ ಮೂರು ವಾರ ಅದರ ಮುಂದೆ ಕೂತು ಉಜ್ಜಿದರು.

ಶಿಲ್ಪಿ ನೋಡಲು ಬಂದ ದಿನ ಪ್ರತಿಮೆಯನ್ನು ಒಂದು ಸುತ್ತು ಹಾಕಿ, ಮುಖದ ಮುಂದೆ ನಿಂತುಬಿಟ್ಟಳು.

"ಬಾಯಿ ಎಲ್ರೀ ಮೇಸ್ತ್ರಿ?"

"ಇದೆಯಲ್ಲಮ್ಮ."

"ತುಟಿ ಮಧ್ಯೆ ಸಂದು ಬಿಟ್ಟಿದ್ದೆ. ಉಗುರು ತೂರುವಷ್ಟು."

ಮಾವ ತಲೆ ತಗ್ಗಿಸಿದರು. "ಲೋಹ ಹರೀದೆ ಉಳಿದಿರೋ ತೂತು ಅಂದ್ಕೊಂಡೆ. ಬೆಸುಗೆ ಹಾಕಿ ಮುಚ್ಚಿದೆ."

"ಮುಚ್ಚಿದ್ರಾ! ಅವನು ಇನ್ನೇನು ಹೇಳೋನಿದ್ದ ಕಣ್ರೀ. ಇಡೀ ಪ್ರತಿಮೆ ಮಾಡಿದ್ದೇ ಆ ಬಾಯಿಗೋಸ್ಕರ."

ಮಾವ ಬೆಸುಗೆಯ ಮೇಲೆ ಬೆರಳಾಡಿಸಿ ಕೇಳಿದರು. "ಏನು ತಪ್ಪು ಮಾಡಿದಾನಮ್ಮ ಇವನು?"

"ನನಗೇನು ಗೊತ್ತು? ಅವನು ಹೇಳಿದ್ರೆ ತಾನೇ ಗೊತ್ತಾಗೋದು!" ಎಂದು ರೇಗಿ ಆಕೆ ಹೊರಟುಹೋದಳು.

ಹಾಕಿದ ಬೆಸುಗೆಯನ್ನು ಬಿಡಿಸುವುದು ಹಾಕುವುದಕ್ಕಿಂತ ಕಷ್ಟ. ಸಣ್ಣ ಉಳಿ ಹಿಡಿದು ಕೂದಲೆಳೆಯಷ್ಟು ಕೆತ್ತಬೇಕು, ತುಟಿಗೆ ಪೆಟ್ಟು ಬೀಳಬಾರದು. ಮಾವ ಎರಡು ದಿನ ಕೆತ್ತಿದರು. ಎರಡೂ ದಿನ ಊಟ ಮಾಡಲಿಲ್ಲವೆಂದು ಅತ್ತೆ ನನ್ನ ಹತ್ತಿರ ದೂರಿದಳು. ಮೂರನೆಯ ದಿನ ಮಧ್ಯಾಹ್ನ, ಪ್ರತಿಮೆ ಯಾವಾಗ ಕಳಿಸುತ್ತೀರಿ ಎಂದು ಕೇಳಿ ಬಾ ಅಂತ ಆಫೀಸಿನವರು ನನ್ನನ್ನು ಕಳಿಸಿದರು. ನಾನು ಹೋದಾಗ ಅಪ್ಪನೂ ಅಲ್ಲಿದ್ದ, ಕುಂಟುತ್ತಾ ಊಟದ ಡಬ್ಬಿ ತಂದು ಕೂತಿದ್ದ.

"ಬಿಡಿ ಭಾವ, ಎರಡು ತುತ್ತು ತಿನ್ನಿ. ಇವನು ಬಾಯಿ ಬಿಡೋ ತನಕ ನೀವೂ ಬಾಯಿ ಕಟ್ಕೊಂಡಿರ್ತೀರಾ?" ಎಂದು ಅಪ್ಪ ನಕ್ಕ.

ಮಾವ ಉಳಿ ಕೆಳಗಿಟ್ಟರು. ಪ್ರತಿಮೆಯ ತುಟಿಗಳ ನಡುವೆ ತೆಳ್ಳಗೆ ಕತ್ತಲು ಕಾಣುತ್ತಿತ್ತು. ಅಪ್ಪನ ಮುಖ ನೋಡದೆ, ಅವನ ಕಾಲನ್ನು ನೋಡುತ್ತಾ ಹೇಳಿದರು.

"ಆ ದಿನ ನಾನು ಗಾಜು ಹಿಡಿದು ನೋಡ್ಲಿಲ್ಲ ಕಣಯ್ಯ."

"ಯಾವ ದಿನ?"

"ನಿನ್ನ ಕಾಲು ಸುಟ್ಟ ದಿನ. ಅಚ್ಚು ಹಸಿಯಾಗಿತ್ತು. ಸ್ಟೋರಿಗೆ ಹೋಗೋಕೆ ಸುಸ್ತಾಗಿತ್ತು. ನೋಡದೇನೇ ಒಣಗಿದೆ ಅಂದ್ಬಿಟ್ಟೆ."

ಅಪ್ಪ ಎದ್ದು ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿಯಲಿ ಎಂದೇ ನನಗೂ ಅನಿಸಿತು. ಅವನು ಕೂತಲ್ಲಿಂದ ಅಲುಗಲಿಲ್ಲ.

"ಹಾಗಾದ್ರೆ ನನ್ನ ಕೈ ನಡುಗಿರ್ಲಿಲ್ವಾ?"

"ಇಲ್ಲ. ನೀನು ಸರಿಯಾಗೇ ಸುರೀತಿದ್ದೆ."

"ನಡುಗಿರ್ಲಿಲ್ಲ?"

"ಇಲ್ಲ ಕಣೋ."

ಅಪ್ಪ ಎರಡೂ ಕೈ ಮುಂದೆ ಚಾಚಿ ಹಿಡಿದ. ಅವು ಕದಲದೆ ನಿಂತವು. ಆಮೇಲೆ ನನ್ನ ಕಡೆ ತೋರಿಸಿ, ಸಿಟ್ಟಿಲ್ಲದ, ಬರೀ ಆಯಾಸದ ದನಿಯಲ್ಲಿ ಹೇಳಿದ.

"ಇವಳು ಹುಟ್ಟಿದಾಗ ಆಸ್ಪತ್ರೆಲಿ ನರ್ಸು ಕೈಗೆ ಕೊಡೋಕೆ ಬಂದ್ಳು. ನಾನು ತಗೊಳ್ಲಿಲ್ಲ ಭಾವ. ಬೀಳಿಸ್ಬಿಡ್ತೀನಿ ಅಂತ ಹೆದರಿದ್ದೆ. ಇವಳನ್ನ ಎತ್ಕೊಂಡು ನಮ್ಮನೆಗೆ ಮೂರು ಮಹಡಿ ಹತ್ತಿದ್ದೆಲ್ಲ ನೀವು. ನಾನು ಹಿಂದೆ ಚೀಲ ಹಿಡ್ಕೊಂಡು ಬರ್ತಿದ್ದೆ."

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಒಂದು ದಿನವೂ ನನ್ನನ್ನು ಎತ್ತಿಕೊಳ್ಳದ ಅಪ್ಪನಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದುಕೊಂಡೇ ನಾನು ಬೆಳೆದವಳು. ಅದನ್ನು ಅವನಿಗೆ ಹೇಳಬೇಕೆನಿಸಿತು.

ಅಷ್ಟರಲ್ಲಿ ಅಪ್ಪ ಮೆಲ್ಲಗೆ ಎದ್ದು ಬಂದು, ಎರಡೂ ಕೈಯನ್ನು ನನ್ನ ಭುಜದ ಮೇಲಿಟ್ಟು ನಿಂತ. ಅವನು ತಲೆಯೆತ್ತಿ ನನ್ನ ಮುಖ ನೋಡಬೇಕಾಯಿತು. ನಾನು ಅವನಿಗಿಂತ ಎರಡು ಬೆರಳು ಎತ್ತರ ಬೆಳೆದಿದ್ದೆ.