ಅವ್ವನ ನಲವತ್ತೊಂದು ಅಂಕಿ

ಒಂದು ಬರೆದು, ಮುಂದೆ ಮೂವತ್ತೊಂಬತ್ತು ಸೊನ್ನೆ ಸುತ್ತಿ, ಕೊನೆಗೊಂದು ಮೂರು. ನಲವತ್ತೊಂದು ಅಂಕಿಯ ಈ ಸಂಖ್ಯೆಯನ್ನು ಅವ್ವನ ಮುಂದಿಟ್ಟವಳು ನಾನೇ. ಆಗ ನಾನು ಮಾಗಡಿ ಬಳಿಯ ನಮ್ಮೂರಿನಿಂದ ರಾಮನಗರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಗಣಿತ ಓದುತ್ತಿದ್ದೆ. ಅವ್ವ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲೇ ಫೇಲಾಗಿ ಮದುವೆಯಾದವಳು. ಮತ್ತೆ ಪರೀಕ್ಷೆ ಕಟ್ಟು ಎಂದು ನಾನು ದಿನಾ ಅವಳ ತಲೆ ತಿನ್ನುತ್ತಿದ್ದೆ.

‘ಇದು ಸಮವಾಗಿ ಒಡೀತದೋ ಇಲ್ವೋ, ನಾನೇ ಹೇಳ್ತೀನಿ. ಸರಿಯಾದ್ರೆ ಪರೀಕ್ಷೆ ಕಟ್ತೀನಿ. ತಪ್ಪಾದ್ರೆ ನೀನು ಇನ್ನು ಆ ಮಾತೇ ಎತ್ಬಾರ್ದು ಕಣವ್ವ’ ಎಂದಳು ಅವ್ವ. ನಾನು ಒಪ್ಪಿಬಿಟ್ಟೆ. ನನ್ನ ಬುದ್ಧಿಗಿಷ್ಟು!

ಸಂಜೆ ಹಸು ಕಟ್ಟಿ ಬಂದು ಅವ್ವ ಜಗಲಿಯಲ್ಲಿ ಭಾಗಾಕಾರಕ್ಕೆ ಕೂರುವಳು. ನಾನು ಕಂಬಕ್ಕೊರಗಿ ಅರೆಗಣ್ಣಲ್ಲಿ ನೋಡುವೆ. ಪೆನ್ಸಿಲಿನ ಸದ್ದು ಕೇಳುತ್ತಿದ್ದಂತೆ ನನ್ನ ಮಂಪರಿನಲ್ಲಿ ಆ ಸಂಖ್ಯೆಯಷ್ಟೂ ರಾಗಿಯಾಗಿ ಉದುರತೊಡಗುತ್ತಿತ್ತು. ಸಾವನದುರ್ಗ ಮುಳುಗಿ, ಕನಕಪುರ, ಚನ್ನಪಟ್ಟಣ ಮುಳುಗಿ, ಭೂಮಿಯಂಥ ಭೂಮಿಗಳೇ ಮುಳುಗಿದರೂ ಕಾಳು ಮುಗಿಯುತ್ತಿರಲಿಲ್ಲ. ಅದರ ಮೇಲೆ ಅವ್ವನೂ ನಾನೂ ಎಲ್ಲಿಗೋ ನಡೆಯುತ್ತಿದ್ದೆವು, ಕಾಲಿಗೆ ತಂಪು. ಅದು ಅವಿಭಾಜ್ಯ ಸಂಖ್ಯೆಯಾದರೆ, ಒಂದೊಂದೇ ಕಾಳಿನ ಗುಡ್ಡೆ ಬಿಟ್ಟು ಬೇರೆ ಸಮಗುಡ್ಡೆ ಮಾಡಲು ಯಾರಿಂದಲೂ ಆಗದು. ಸಂಯುಕ್ತ ಸಂಖ್ಯೆಯಾದರೆ ಒಂದು ಕಾಳೂ ಮಿಗದಂತೆ ಹಂಚುವ ದಾರಿ ಎಲ್ಲೋ ಇರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಆ ತಿಳಿಯದಿರುವುದೇ ನನಗೆ ಹಿತವಾಗಿತ್ತು.

ಅವಿಭಾಜ್ಯ ಸಂಖ್ಯೆಗಳಿಂದಷ್ಟೇ ಭಾಗಿಸುತ್ತಾ, ಅಂಕಿಗಳೆಷ್ಟೋ ಅಷ್ಟು ಸಾಕೆಂದು ನಲವತ್ತೊಂದಕ್ಕೆ ಅವ್ವ ಪೆನ್ಸಿಲ್ ಕೆಳಗಿಟ್ಟಳು. ‘ಒಡೀನಿಲ್ಲ ಕಣವ್ವ. ಯಾವ್ದುಕ್ಕೂ ಬಗ್ಗನಿಲ್ಲ.’ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಸರಿಯೇ ಎಂದು ನೋಡಲು ಸಂಖ್ಯೆಯನ್ನು ಕಾಲೇಜಿನ ಕಂಪ್ಯೂಟರಿಗೆ ಕೊಟ್ಟೆ. ರೆಪ್ಪೆ ಬಡಿಯುವುದರೊಳಗೆ ಒಡೆಯಿತು, ಏಳರಿಂದ. ಮನೆಗೆ ಬಂದು ‘ಕಂಪ್ಯೂಟರ್ ಇನ್ನೂ ನೋಡ್ತಾ ಐತೆ’ ಎಂದೆ. ಫಾರಂ ತುಂಬುವ ಕೊನೆಯ ದಿನ ಹತ್ತಿರವಾಗುತ್ತಿತ್ತು, ನಾನು ಅದೇ ಸುಳ್ಳು ಹೇಳುತ್ತಿದ್ದೆ. ಹತ್ತನೆಯ ದಿನ, ನಾಳೆಯೇ ಕೊನೆ ಎನ್ನುವಾಗ, ತಡೆಯಲಾಗದೆ ಹೇಳಿಬಿಟ್ಟೆ.

ಅವ್ವ ನೋಟ್‌ಬುಕ್ ತೆಗೆದಳು. ಎರಡು, ಮೂರು, ಐದು. ಆಮೇಲೆ ನೇರ ಹನ್ನೊಂದು. ಕಣದಲ್ಲಿ ರಾಗಿ ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಲಾಭ ಎನ್ನುತ್ತಾರೆ. ಆರಾದ ಮೇಲೆ ಏಳೆನ್ನದೆ ‘ಮತ್ತೊಂದು’ ಎನ್ನುತ್ತಾರೆ, ಆಮೇಲೆ ಎಂಟು. ಏಳನ್ನು ಬಾಯಲ್ಲಿ ಆಡಿದರೆ ರಾಶಿಯ ಹುಲುಸು ಹೋಗುತ್ತದೆಂಬ ಭಯ. ಉತ್ತರದೊಳಗೆ ಏಳು ಬಂದಾಗ ಅವ್ವ ಬರೆದಿದ್ದಳು. ಆದರೆ ಯಾವುದರಿಂದ ಭಾಗಿಸಬೇಕೆಂದು ಮೊದಲಿನಿಂದ ಎಣಿಸುತ್ತಾ ಹೋದಾಗ ಬಾಯಿಗೆ ಕಣದ ಎಣಿಕೆಯೇ ಬಂದು, ಏಳನ್ನು ದಾಟಿಬಿಟ್ಟಿದ್ದಳು.

ಅವಳು ಏಳರಿಂದ ಭಾಗಿಸಲು ಕೂತಳು. ಸೊನ್ನೆಗಳನ್ನು ಒಂದೊಂದಾಗಿ ಇಳಿಸಿದಳು. ಕೊನೆಗೆ ಅರವತ್ತಮೂರು ನಿಂತಿತು. ‘ಏಳೊಂಬತ್ಲಿ ಅರವತ್ಮೂರು’ ಎಂದು ಮೆಲ್ಲಗೆ ಹೇಳಿ, ಶೇಷದಲ್ಲಿ ಸೊನ್ನೆ ಬರೆದಳು.

‘ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?’

‘ಹತ್ತು ದಿನ ಆಯ್ತವ್ವ.’

‘ಲೆಕ್ಕ ತಪ್ಪಿದ್ದು ಒಸಿ ಬೇಜಾರು. ಹೇಳುದ್ರೆ ನಾನು ತಡ್ಕಳಲ್ಲ ಅಂದ್ಕಂಡೆಯಲ್ಲ, ಅದು ಜಾಸ್ತಿ ಉರೀತು. ಆವತ್ತು ನಮ್ಮಪ್ಪನೂ ಹಿಂಗೇ ಮಾಡ್ಬುಟ್ಟ. ಫೇಲು ಅಂತಷ್ಟೇ ಅಂದ, ಮಾರ್ಕ್ಸ್ ಕಾರ್ಡ್ ತೋರಿಸ್ನೇ ಇಲ್ಲ. ಎಷ್ಟು ಬಂದಿತ್ತು ಅಂತ ಇವತ್ಗೂ ಗೊತ್ತಿಲ್ಲ ನಂಗೆ.’

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಪರೀಕ್ಷೆಯ ಮಾತನ್ನು ನಾನು ಎತ್ತುವ ಹಾಗಿರಲಿಲ್ಲ. ಅವ್ವ ನೋಟ್‌ಬುಕ್ ಮುಚ್ಚಿದಳು.

‘ನಾಳೆ ಮೊದ್ಲ ಬಸ್ಗೆ ನಾನೂ ಬತ್ತೀನಿ, ಫಾರಂ ಕಟ್ಟಿ ಬರಾನ’ ಎಂದಳು. ‘ಫೇಲಾದ್ರೂ ಸರಿ, ಈ ಸಲ ಮಾರ್ಕ್ಸ್ ಕಾರ್ಡ್ ನನ್ ಕೈಗೇ ಬರ್ಬೇಕು.’